ರಾಜ್ಯ ಕೈಬಿಟ್ಟ ಮೇಲೆ ಹೊಸ ಆಟ ಹೂಡಿದ ದೊರೆ: ಮುಮ್ಮಡಿ ಕೃಷ್ಣರಾಜ ಒಡೆಯರು



ಬತ್ಲಗುಂಡು ದಾಟಿ ಬಸ್ಸು ದಿಂಡಿಗಲ್ಲಿನ ಕಡೆಗೆ ಹೊರಳಿದರೆ ದೂರದಿಂದಲೇ ಆ ಬೋಳು ಬಂಡೆ, ಅದರ ಮೇಲಿನ ಕೋಟೆ ಕಾಣುತ್ತದೆ. ಕಂಬಂ, ಚಿನ್ನಮನೂರು, ಬೋಡಿ, ತೇನಿ ಕಡೆಯ ನಮ್ಮವರು ಅದನ್ನು ನೂರು ಸಲ ನೋಡಿದ್ದೇವೆ. 1755ರಲ್ಲಿ ಹೈದರಾಲಿ ಮೈಸೂರಿನ ಪರವಾಗಿ ಫೌಜುದಾರನಾಗಿ ಬಂದದ್ದು ಈ ಕೋಟೆಗೇ. ಅವನ ಮುಂದಿನ ಏಳಿಗೆಗೆಲ್ಲ ಇದೇ ಮೆಟ್ಟಿಲು. 1790ರಲ್ಲಿ ಇಂಗ್ಲಿಷರ ಪಡೆ ಇದನ್ನು ಹಿಡಿಯಿತು, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ದಿಂಡಿಗಲ್ಲು ಸೀಮೆ ಕಾಯಮ್ಮಾಗಿ ಕಂಪನಿಯ ಪಾಲಾಯಿತು. ಅಲ್ಲಿಗೆ ನಮಗೂ ಮೈಸೂರಿಗೂ ರಾಜಕೀಯದ ನಂಟು ಕಡಿಯಿತು, ಮನೆಮಾತು ಮಾತ್ರ ಉಳಿಯಿತು.

ಅದಾಗಿ ಎರಡೇ ವರ್ಷಕ್ಕೆ, 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ ಹುಟ್ಟಿದ ಮಗುವಿನ ಕಥೆ ಈ ಸಲದ್ದು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರೆಂದು ಹೆಸರಾದವರು. ದಸರಾಕ್ಕೆ ಬೊಂಬೆ ಕೂಡಿಸುವ ದಿನಗಳಲ್ಲಿ ಸಂಘದಿಂದ ಹಳೆಯ ಆಟಗಳದೊಂದು ಸಂಜೆ ಇಡೋಣ ಎಂಬ ಮಾತು ಬಂದಾಗ ನನಗೆ ಮೊದಲು ನೆನಪಾದವರು ಇವರೇ. ಆಡಿದ ಅರಸರು ಬೇಕಾದಷ್ಟು ಜನ. ಆಟದ ನಿಯಮವನ್ನೇ ಹೊಸದಾಗಿ ಬರೆದು, ಗೊತ್ತಿದ್ದ ಆಟವನ್ನು ಮತ್ತೆ ಮೊದಲಿನಿಂದ ಕಲಿಯುವಂತೆ ಮಾಡಿದವರು ಕಡಿಮೆ.

ಹುಟ್ಟಿದಾಗ ಅರಸುತನವೆಂಬುದು ಹೆಸರಿಗಷ್ಟೇ ಉಳಿದಿತ್ತು. ತಂದೆ ಖಾಸಾ ಚಾಮರಾಜ ಒಡೆಯರು 1796ರಲ್ಲಿ ತೀರಿಕೊಂಡರು. ಟಿಪ್ಪು ಸುಲ್ತಾನ್ ಆ ಪಟ್ಟಕ್ಕೆ ಮತ್ತೆ ಯಾರನ್ನೂ ಕೂರಿಸಲಿಲ್ಲ. ಅರಮನೆಯವರನ್ನು ಸಣ್ಣದೊಂದು ಮನೆಗೆ ಸಾಗಿಸಲಾಯಿತು. ಆ ಮನೆಯಲ್ಲಿ ಮಗುವನ್ನು ಕಾಪಾಡಿದವರು ರಾಣಿ ಲಕ್ಷ್ಮಮ್ಮಣ್ಣಿಯವರು. ಎರಡನೆಯ ಕೃಷ್ಣರಾಜ ಒಡೆಯರ ವಿಧವೆ. ವರ್ಷಗಟ್ಟಲೆ ಗುಟ್ಟಾಗಿ ಇಂಗ್ಲಿಷರೊಂದಿಗೆ ಮಾತುಕತೆ ನಡೆಸಿದ ಆ ಹೆಂಗಸಿನ ಗಟ್ಟಿತನದ ಬಗ್ಗೆಯೇ ಬೇರೊಂದು ಬರಹ ಬೇಕು.

1799ರ ಮೇ 4ರಂದು ಪಟ್ಟಣ ಬಿತ್ತು. ಜೂನ್ 30ರಂದು ಮೈಸೂರಿನಲ್ಲಿ, ಲಕ್ಷ್ಮೀರಮಣಸ್ವಾಮಿ ದೇವಸ್ಥಾನದ ಬಳಿ, ಹುಡುಗನಿಗೆ ಪಟ್ಟವಾಯಿತು. ಐದು ವರ್ಷ ತುಂಬಲು ಇನ್ನೂ ಎರಡು ವಾರ ಬಾಕಿ. ಮುಂದೆ ವೆಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿ ಆ ವ್ಯವಸ್ಥೆ ಮಾಡಿದ ಕಮಿಷನರುಗಳಲ್ಲಿ ಒಬ್ಬ. ಹತ್ತು ದಿನದೊಳಗೆ ಒಪ್ಪಂದ ಬಂತು. ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡ, ಅಂದರೆ ರೂಪಾಯಿ ಲೆಕ್ಕದಲ್ಲಿ ಇಪ್ಪತ್ತನಾಲ್ಕೂವರೆ ಲಕ್ಷ, ಕಂಪನಿಗೆ ಕಟ್ಟಬೇಕು. ಆಡಳಿತ ಸರಿಯಿಲ್ಲವೆಂದು ಕಂಡರೆ ಕಂಪನಿ ಕೈಹಾಕಬಹುದು ಎಂಬ ಷರತ್ತೂ ಅದರಲ್ಲಿತ್ತು. ಮಗು ಆಡಬೇಕಾದ ದೊಡ್ಡ ಆಟದ ನಿಯಮಗಳನ್ನು ಬೇರೆಯವರು ಆಗಲೇ ಬರೆದಿಟ್ಟಿದ್ದರು.

ದಿವಾನ್ ಪೂರ್ಣಯ್ಯನವರು ಟಿಪ್ಪುವಿನ ಕಾಲದಲ್ಲೂ ಹಣಕಾಸು ನೋಡಿದ್ದವರು. ಅವರೇ 1811ರವರೆಗೆ ರಾಜ್ಯ ನಡೆಸಿ ಖಜಾನೆ ತುಂಬಿಸಿಟ್ಟರು. ಹುಡುಗ ಓದಿದ, ಕುದುರೆ ಹತ್ತಿದ, ಸಂಸ್ಕೃತ ಕನ್ನಡಗಳಲ್ಲಿ ಪಳಗಿದ, ಹದಿನೇಳಕ್ಕೆ ಅಧಿಕಾರ ಕೈಗೆ ತೆಗೆದುಕೊಂಡ. ಮುಂದಿನ ಇಪ್ಪತ್ತು ವರ್ಷ ಕಲೆಗೆ, ದಾನಕ್ಕೆ, ಉತ್ಸವಕ್ಕೆ ಕೈ ಬಿಚ್ಚಿದ್ದು ನಿಜ. ಚಾಮುಂಡಿ ಬೆಟ್ಟದ ಗೋಪುರ ಆ ಕಾಲದ್ದು. ಖಜಾನೆ ಬರಿದಾದದ್ದು, ಸಾಲ ಏರಿದ್ದು, ಕಂದಾಯ ವಸೂಲಿಯನ್ನು ಗುತ್ತಿಗೆಯಂತೆ ಬಿಟ್ಟುಕೊಟ್ಟು ರೈತನ ಬೆನ್ನು ಮುರಿದದ್ದೂ ನಿಜ. ನಮ್ಮ ದೊರೆ ಎಂಬ ಅಭಿಮಾನಕ್ಕೆ ಇದನ್ನು ಮುಚ್ಚಿಡಬಾರದು. 1830ರಲ್ಲಿ ನಗರದ ಸೀಮೆಯಲ್ಲಿ ರೈತರು ದಂಗೆ ಎದ್ದರು. ಕಂಪನಿಯ ಸೈನ್ಯ ಇಳಿಯಿತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಹಳೆಯ ಷರತ್ತನ್ನು ತೆಗೆದು ರಾಜ್ಯದ ಆಡಳಿತವನ್ನೇ ಕಿತ್ತುಕೊಂಡ.

ಆಗ ಅವರಿಗೆ 37 ವರ್ಷ. ತೀರಿಕೊಂಡದ್ದು 73ರಲ್ಲಿ. ಆಯುಸ್ಸಿನ ಸರಿಸುಮಾರು ಎರಡನೆಯ ಅರ್ಧವೆಲ್ಲ ರಾಜ್ಯವಿಲ್ಲದ ರಾಜರಾಗಿಯೇ ಕಳೆಯಿತು. ಖರ್ಚಿಗೆ ವರ್ಷಕ್ಕೆ ಒಂದು ಲಕ್ಷ ಪಗೋಡ, ಜೊತೆಗೆ ನಿವ್ವಳ ಆದಾಯದಲ್ಲಿ ಐದನೆಯ ಒಂದು ಪಾಲು. ಆಡಳಿತ ಬೆಂಗಳೂರಿಗೆ ಹೋಯಿತು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಅಲ್ಲಿ ಕೂತು ರಾಜ್ಯ ಆಳಿದ. ಮೈಸೂರಿನ ಅರಮನೆಯಲ್ಲಿ ಉಳಿದದ್ದು ದರ್ಬಾರು, ಪಂಡಿತರು, ಚಿತ್ರಗಾರರು, ವೈಣಿಕರು, ಮತ್ತು ತುಂಬಾ ಸಮಯ.

ಇಂಥ ಸಮಯದಲ್ಲಿ ಎಷ್ಟೋ ಅರಸರು ಕುಡಿತಕ್ಕೆ ಬಿದ್ದದ್ದನ್ನು ಓದಿದ್ದೇವೆ. ಇವರು ಪುಸ್ತಕ ಮಾಡಿಸಿದರು. 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆ ತೆರೆದರು, ಮುಂದಿನ ಮಹಾರಾಜಾ ಕಾಲೇಜಿನ ಬೇರು ಅದು. ಅಳಿಯ ಲಿಂಗರಾಜರು, ಬಸವಪ್ಪ ಶಾಸ್ತ್ರಿಗಳು ಬರೆದದ್ದು ಅವರ ಆಸರೆಯಲ್ಲಿ. ಅಭಿನವ ಭೋಜ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ. ಎಲ್ಲಕ್ಕಿಂತ ದೊಡ್ಡದು ಶ್ರೀತತ್ತ್ವನಿಧಿ. ಒಂಬತ್ತು ನಿಧಿಗಳ ಈ ಸಚಿತ್ರ ಗ್ರಂಥದಲ್ಲಿ ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ ಹೀಗೆ ದೇವತೆಗಳ ಧ್ಯಾನಶ್ಲೋಕ ಮತ್ತು ಚಿತ್ರಗಳು ಸಾಲಾಗಿ ಬರುತ್ತವೆ. ಕೊನೆಯದು ಕೌತುಕ ನಿಧಿ. ಯೋಗದ 122 ಆಸನಗಳ ಚಿತ್ರ ಇರುವುದು ಅದರಲ್ಲೇ, ಯೋಗದ ಚರಿತ್ರೆ ಬರೆಯುವವರು ಇಂದು ಪ್ರಪಂಚದ ಮೂಲೆಮೂಲೆಯಿಂದ ಅದನ್ನು ಹುಡುಕುತ್ತಾರೆ. ಆಟಗಳಿರುವುದೂ ಅದರಲ್ಲೇ. ಧ್ಯಾನ, ಆಸನ, ಇಸ್ಪೀಟು ಒಂದೇ ಗ್ರಂಥದಲ್ಲಿ ಇರಬಹುದೆಂದು ಅವರಿಗೆ ಅನ್ನಿಸಿತ್ತು. ನನಗೆ ಇವರ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲೇ.

ಆಟಗಳಲ್ಲಿ ಅವರಿಗೆ ತಲೆಹಿಡಿದದ್ದು ಗಂಜೀಫ. ಬಾಬರ್ 1527ರಲ್ಲಿ ಸಿಂಧ್‌ನ ಗೆಳೆಯನಿಗೆ ಗಂಜೀಫ ಎಲೆಗಳನ್ನು ಕಳಿಸಿದ್ದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ, ನಮ್ಮ ದೇಶದಲ್ಲಿ ಈ ಆಟದ ಮೊದಲ ಉಲ್ಲೇಖ ಅದು. ಮೊಘಲರ ಕಟ್ಟಿನಲ್ಲಿ 96 ಎಲೆ: ಎಂಟು ಬಣ್ಣ, ಬಣ್ಣಕ್ಕೆ ಹನ್ನೆರಡು, ಒಂದರಿಂದ ಹತ್ತು, ಮೇಲೆ ಮಂತ್ರಿ, ಅವನ ಮೇಲೆ ರಾಜ. ನಮ್ಮವರು ಅದನ್ನು ದಶಾವತಾರಕ್ಕೆ ಹೊಂದಿಸಿಕೊಂಡರು. ಮತ್ಸ್ಯದಿಂದ ಕಲ್ಕಿಯವರೆಗೆ ಹತ್ತು ಬಣ್ಣ, 120 ಎಲೆ. ಸಾಮಾನ್ಯವಾಗಿ ಮೂವರು ಆಡುತ್ತಾರೆ, ತಲೆಗೆ 40 ಎಲೆ. ಹಗಲು ಆಡಿದರೆ ರಾಮನ ಬಣ್ಣದಿಂದ ಆಟ ಶುರು, ದೀಪ ಹಚ್ಚಿದ ಮೇಲೆ ಕೃಷ್ಣನ ಬಣ್ಣದಿಂದ. ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದರ್ಧದಲ್ಲಿ ತಿರುಗುಮುರುಗು. ಸಾಮಾನ್ಯ ಗಂಜೀಫದಲ್ಲಿ ತುರುಫು ಇಲ್ಲ. ಅದೃಷ್ಟಕ್ಕಿಂತ ನೆನಪು ಮುಖ್ಯ. ವಾಮನನ ರಾಜ ಹೋದನೇ, ಮಂತ್ರಿ ಹೋದನೇ ಎಂದು ಲೆಕ್ಕ ಇಟ್ಟವನಿಗೆ, ತನ್ನ ಕೈಯಲ್ಲಿರುವ ಎಲೆ ಯಾವ ಗಳಿಗೆಯಲ್ಲಿ ಆ ಬಣ್ಣಕ್ಕೆ ಒಡೆಯನಾಗುತ್ತದೆ ಎಂಬುದು ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಆ ಎಲೆಗೆ ಸೋಲಿಲ್ಲ.

ಈ ಆಟದಲ್ಲಿ ಪಳಗಿದವನ ಮುಂದೆ ಮುಮ್ಮಡಿಯವರು ಇಟ್ಟದ್ದು ಛದ್ ಎಂಬ ಆಟಗಳ ಒಂದು ಗುಂಪು. ಕೌತುಕ ನಿಧಿಯಲ್ಲಿ ಇವುಗಳ ಚಿಕ್ಕ ಕಟ್ಟಿಗೆ 36 ಎಲೆ, ದೊಡ್ಡದಕ್ಕೆ 360. ತಮ್ಮ ಹೆಸರಿನ ಕೃಷ್ಣರಾಜ ಛದ್‌ಗೆ 72 ಎಲೆ, ನಾಲ್ಕೇ ಬಣ್ಣ. ಮನೆದೇವತೆಯ ಹೆಸರಿನ ಚಾಮುಂಡೇಶ್ವರಿ ಛದ್‌ಗೆ 320 ಎಲೆ, ಹದಿನಾರು ಬಣ್ಣ. ಜಗನ್ಮೋಹನ ಛದ್‌ಗೆ 360 ಎಲೆ, ಹದಿನೆಂಟು ಬಣ್ಣ. ಸಾಮಾನ್ಯವಾಗಿ ಬಣ್ಣಕ್ಕೆ ಹನ್ನೆರಡು ಅಂಕಿಯ ಎಲೆ, ಆರು ದರ್ಬಾರಿನ ಎಲೆ. ಹಳೆಯ ಆಟದಲ್ಲಿ ರಾಜ, ಮಂತ್ರಿ ಇಬ್ಬರೇ ಇದ್ದಲ್ಲಿ ಈಗ ಆರು ಮುಖ.

ಬರೀ ಎಲೆ ಹೆಚ್ಚಾಗಿದ್ದರೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ. ನೆನಪು ಚುರುಕಿದ್ದವನು ಇನ್ನಷ್ಟು ಕಷ್ಟಪಟ್ಟು ಆಡಿಯಾನು. ಆದರೆ ಛದ್‌ನ ದೊಡ್ಡ ಆಟಗಳಲ್ಲಿ ಎರಡು ಹೊಸ ಸಂಗತಿಗಳಿವೆ. ಕೆಲವು ಬಣ್ಣಗಳು ಕಾಯಂ ತುರುಫು, ಆಟದಿಂದ ಆಟಕ್ಕೆ ಬದಲಾಗುವುದಿಲ್ಲ. ಜೊತೆಗೆ ಈಗಿನ ಮಾತಿನಲ್ಲಿ ಜೋಕರ್ ಎನ್ನಬಹುದಾದ ಎಲೆಗಳು. ಈಗ ಯೋಚಿಸಿ. ಹಳೆಯ ಆಟದಲ್ಲಿ ವಾಮನನ ಎಲೆಗಳೆಲ್ಲ ಹೋಗಿ ನನ್ನದೊಂದೇ ದೊಡ್ಡದಾಗಿ ಉಳಿದಿದೆ ಎಂದರೆ ಅದು ಗೆದ್ದಂತೆಯೇ. ಹೊಸ ಆಟದಲ್ಲಿ ಅದೇ ಲೆಕ್ಕ ಸರಿಯಿದ್ದರೂ, ಎದುರಿನವನ ಕೈಯಲ್ಲಿ ತುರುಫಿನ ಚಿಕ್ಕ ಎಲೆಯೊಂದಿದ್ದರೆ ಸಾಕು, ನನ್ನ ಒಡೆಯ ಬಿದ್ದ. ಹೊಸಬನಿಗೆ ಇದು ಕಷ್ಟವಲ್ಲ. ಕಷ್ಟ ಇರುವುದು ಹಳೆಯ ಆಟದ ಗಟ್ಟಿಗನಿಗೆ, ಅವನ ಕೈ ತಾನಾಗಿಯೇ ಹಳೆಯ ಎಲೆಯನ್ನು ಹಾಕಿಬಿಡುತ್ತದೆ.

ಇದು ಇಂದಿಗೂ ಹಾಗೇ ಇದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗ ಪೋಕರ್‌ನಲ್ಲಿ ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯನ್ನು ಚೆನ್ನಾಗಿ ಕಲಿತಿದ್ದ. ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಐದು, ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಳ್ಳುವುದು. ಆಮೇಲೆ ಒಮಾಹಾ ಎಂಬುದಕ್ಕೆ ಕೂತ. ಅಲ್ಲಿ ಕೈಯಲ್ಲಿ ನಾಲ್ಕು ಎಲೆ, ಆದರೆ ಕೈಯಿಂದ ಸರಿಯಾಗಿ ಎರಡನ್ನೇ, ಮೇಜಿನಿಂದ ಸರಿಯಾಗಿ ಮೂರನ್ನೇ ಬಳಸಬೇಕು. ಮೇಜಿನ ಮೇಲೆ ನಾಲ್ಕು ಇಸ್ಪೀಟು ಬಿದ್ದಿವೆ, ಇವನ ಕೈಯಲ್ಲಿ ಇಸ್ಪೀಟು ಎಕ್ಕ ಒಂದೇ. ಹಳೆಯ ಆಟದಲ್ಲಿ ಅದು ಐದೂ ಒಂದೇ ಬಣ್ಣದ ದೊಡ್ಡ ಕೈ. ಇಲ್ಲಿ ಅದು ಏನೂ ಅಲ್ಲ. ಖುಷಿಯಿಂದ ಎಲೆ ತೋರಿಸಿ ಗೆಳೆಯರ ನಗೆಗೆ ಗುರಿಯಾದದ್ದನ್ನು ಅವನೇ ಹೇಳಿಕೊಂಡ. ಆಡಿದ್ದು ಕಡಲೆಬೀಜ ಪಣವಿಟ್ಟು ಎಂದೂ ಸೇರಿಸಿದ, ನಂಬಿದ್ದೇನೆ!

ನಮ್ಮ ಹೆಂಗಸರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಗೊತ್ತು. ಅಳಗುಳಿ ಮಣೆ, ತಮಿಳಿನ ಪಲ್ಲಾಂಗುಳಿ. ಹದಿನಾಲ್ಕು ಗುಳಿ ಎರಡಕ್ಕೂ ಒಂದೇ. ಆದರೆ ಗುಳಿಗೆ ಎಷ್ಟು ಕಾಳು, ನಾಲ್ಕು ಕಾಳು ಸೇರಿದಾಗ ಪಸು ಎಂದು ಎತ್ತಿಕೊಳ್ಳಬೇಕೋ ಬೇಡವೋ, ಎಂಬಲ್ಲಿ ಊರಿಗೊಂದು ಕಟ್ಟಳೆ. ಬೇರೆ ಸೀಮೆಯಿಂದ ಬಂದ ಸೊಸೆ ಮೊದಲ ವರ್ಷ ಅತ್ತೆಯ ಎದುರು ಸೋಲುವುದು ಆಟ ಬಾರದ್ದಕ್ಕಲ್ಲ, ತವರಿನ ಆಟ ಚೆನ್ನಾಗಿ ಬರುವುದಕ್ಕೆ.

ದೊರೆಯ ಕಡೆಗೆ ಮರಳೋಣ. ನಿಯಮ ಬದಲಿಸುವ ಹವ್ಯಾಸ ಅವರಿಗಿಂತ ಮುಂಚೆಯೂ ಇತ್ತು. ಅಕ್ಬರನೂ ಹನ್ನೆರಡು ಬಣ್ಣದ ಗಂಜೀಫವನ್ನು ತನ್ನ ರುಚಿಗೆ ತಿದ್ದಿಕೊಂಡಿದ್ದ ಎಂದು ಅಬುಲ್ ಫಜಲ್ ವಿವರವಾಗಿ ಬರೆದಿದ್ದಾನೆ. ಆದರೆ ಅಕ್ಬರನಿಗೆ ಆಳಲು ರಾಜ್ಯ ಇತ್ತು. ಮುಮ್ಮಡಿಯವರ ಕೈಯಲ್ಲಿ ಯಾರೂ ತಡೆಯದೆ ಹೊರಡಿಸಬಹುದಾಗಿದ್ದ ಕಟ್ಟಳೆಗಳೆಂದರೆ ಇವೇ ಇದ್ದವೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಇದು ನನ್ನ ಊಹೆ ಅಷ್ಟೆ.

ಚದುರಂಗದಲ್ಲೂ ಅವರು ಇದನ್ನೇ ಮಾಡಿದರು. ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ಓಡಿಸುವ ಸಮಸ್ಯೆ ನಮ್ಮ ದೇಶಕ್ಕೆ ಹಳೆಯದು. ಒಂಬತ್ತನೆಯ ಶತಮಾನದ ರುದ್ರಟನಿಂದ ಪಾದುಕಾಸಹಸ್ರದ ವೇದಾಂತ ದೇಶಿಕರವರೆಗೆ ಕುದುರೆಯ ನಡೆಗೆ ಶ್ಲೋಕದ ಅಕ್ಷರಗಳನ್ನು ಹೊಂದಿಸಿದವರಿದ್ದಾರೆ. ಮುಮ್ಮಡಿಯವರು ಅದರ ಮೇಲೆ ಇನ್ನೊಂದು ಕಟ್ಟು ಬಿಗಿದರು. ಕುದುರೆ ಮೆಟ್ಟಿದ ಮನೆಗಳಿಗೆ ಕ್ರಮವಾಗಿ 1ರಿಂದ 64ರವರೆಗೆ ಅಂಕಿ ಹಾಕುತ್ತಾ ಹೋದರೆ, ಕೊನೆಗೆ ಪ್ರತಿ ಅಡ್ಡಸಾಲಿನ ಮೊತ್ತ 260 ಆಗಬೇಕು, ಪ್ರತಿ ಕಂಬಸಾಲಿನದೂ 260 ಆಗಬೇಕು. ಒಂದು ಮನೆ ತಪ್ಪಿದರೆ ಎಲ್ಲ ತಪ್ಪು. ಪೆನ್ಸಿಲ್ ಹಿಡಿದು ಪ್ರಯತ್ನಿಸಿ ನೋಡಿ, ನಾನು ಮೂರು ಭಾನುವಾರ ಕಳೆದು ಬಿಟ್ಟುಬಿಟ್ಟೆ. ಕುದುರೆ ಓಟದ ಚರಿತ್ರೆ ಬರೆದ ಯುರೋಪಿನವರ ಪಟ್ಟಿಯಲ್ಲಿ ಮೈಸೂರಿನ ರಾಜನ ಹೆಸರು ಈ ಕಾರಣಕ್ಕೆ ನಿಂತಿದೆ. ಚದುರಂಗದ ಮೇಲೆ ಅವರದೇ ಗ್ರಂಥವೂ ಇದೆ, ಚತುರಂಗ ಸಾರಸರ್ವಸ್ವ.

ಇಷ್ಟೆಲ್ಲ ನಡೆಯುತ್ತಿದ್ದಾಗ ಇನ್ನೊಂದು ಆಟವೂ ನಡೆದೇ ಇತ್ತು. ಅದು ಕಾಗದಗಳದ್ದು. ಬೆಂಟಿಂಕನೇ ನೇಮಿಸಿದ ವಿಚಾರಣಾ ಸಮಿತಿ 1833ರಲ್ಲಿ, ಆಡಳಿತ ಹೇಳಿದಷ್ಟು ಕೆಟ್ಟಿರಲಿಲ್ಲ ಎಂಬ ಅರ್ಥದ ವರದಿ ಕೊಟ್ಟಿತು. ಆದರೂ ರಾಜ್ಯ ಬರಲಿಲ್ಲ. ದೊರೆ ಮನವಿ ಬರೆದರು, ಉತ್ತರ ಬರಲಿಲ್ಲವೆಂದರೆ ಮತ್ತೆ ಬರೆದರು. ಗವರ್ನರ್ ಜನರಲ್ಲುಗಳು ಬಂದರು, ಹೋದರು. ಡಾಲ್‌ಹೌಸಿಯ ಕಾಲದಲ್ಲಿ ಗಂಡುಮಕ್ಕಳಿಲ್ಲದ ಸಂಸ್ಥಾನಗಳನ್ನು ಒಂದೊಂದಾಗಿ ನುಂಗಿದ್ದನ್ನು ಅವರು ನೋಡಿದ್ದರು. ಅವರಿಗೂ ಪಟ್ಟಕ್ಕೆ ಬರುವ ಗಂಡುಮಗ ಇರಲಿಲ್ಲ. ತಾನು ಕಣ್ಣು ಮುಚ್ಚಿದ ದಿನ ಮೈಸೂರೆಂಬ ಸಂಸ್ಥಾನವೇ ಮುಗಿಯುತ್ತದೆ ಎಂಬ ಹೆದರಿಕೆ ಸುಳ್ಳಾಗಿರಲಿಲ್ಲ.

1857ರಲ್ಲಿ ಉತ್ತರ ಭಾರತ ಹೊತ್ತಿ ಉರಿದಾಗ ಅವರು ಇಂಗ್ಲಿಷರ ಪಕ್ಕ ನಿಂತರು. ಇದನ್ನು ಇಂದು ಯಾರಾದರೂ ಟೀಕಿಸಿದರೆ ತಪ್ಪು ಹೇಳಲಾರೆ. ಆದರೆ ಅವರು ಆಡುತ್ತಿದ್ದ ಆಟ ಯಾವುದೆಂದು ನೋಡಬೇಕು. ತರುಣನಾಗಿದ್ದಾಗ ಅವರು ಹಳೆಯ ಕಾಲದ ದೊರೆಯಂತೆ ಆಳಿದರು, ಕೊಟ್ಟರು, ಖರ್ಚು ಮಾಡಿದರು, ಒಪ್ಪಂದದ ಕಾಗದವನ್ನು ಯಾರೂ ಬಿಚ್ಚಲಾರರು ಎಂದುಕೊಂಡರು, ಸೋತರು. ಈಗ ಅದೇ ಕಾಗದವನ್ನು ಸಾಲುಸಾಲಾಗಿ ಓದಿಸಿ, ಅದರ ಮಾತುಗಳಿಂದಲೇ ವಾದ ಹೂಡಿದರು. ಕಲ್ಕತ್ತೆ ಒಪ್ಪದಿದ್ದರೆ ಲಂಡನ್ನಿಗೆ ಬರೆದರು. 1862ರಲ್ಲಿ ಕ್ಯಾನಿಂಗ್ ಇಲ್ಲವೆಂದ. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಮೇಜರ್ ಇವಾನ್ಸ್ ಬೆಲ್‌ನಂಥ ಇಂಗ್ಲಿಷರೇ ಮೈಸೂರಿನ ಪರವಾಗಿ ಪುಸ್ತಕ ಬರೆದರು.

1865ರ ಜೂನ್ 18ರಂದು, ಸರ್ಕಾರದ ಒಪ್ಪಿಗೆಗೆ ಕಾಯದೆ, ಬೆಟ್ಟದಕೋಟೆ ಮನೆತನದ ಎರಡು ವರ್ಷದ ಮಗುವನ್ನು ದತ್ತು ತೆಗೆದುಕೊಂಡರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅದು ದೊಡ್ಡ ಎದೆಗಾರಿಕೆ. ಎರಡು ವರ್ಷ ಎಳೆದಾಟ ನಡೆಯಿತು. 1867ರಲ್ಲಿ ಲಂಡನ್ನಿನಿಂದ ತೀರ್ಮಾನ ಬಂತು: ದತ್ತುಮಗ ಮೈಸೂರಿಗೆ ವಾರಸುದಾರ, ಸಂಸ್ಥಾನ ಉಳಿಯುತ್ತದೆ. ಮರುವರ್ಷ, 1868ರ ಮಾರ್ಚ್ 27ರಂದು, ದೊರೆ ತೀರಿಕೊಂಡರು. ಆ ಸೆಪ್ಟೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರಿಗೆ ಪಟ್ಟವಾಯಿತು. ಆ ಮಗುವಿಗೂ ಆಗ ಐದೇ ವರ್ಷ. 1881ರಲ್ಲಿ ಆಡಳಿತ ಅವರ ಕೈಗೆ ಬಂತು. ಮುಂದೆ ಕೃಷ್ಣರಾಜಸಾಗರ, ವಿಶ್ವವಿದ್ಯಾಲಯ ಎಂದು ನಾವು ಹೆಮ್ಮೆಪಡುವ ಮೈಸೂರು ಸಂಸ್ಥಾನ ಇದ್ದದ್ದು ಆ ದತ್ತಕದಿಂದ.

ಛದ್ ಆಟಗಳು ಅರಮನೆಯ ಹೊಸ್ತಿಲು ದಾಟಿ ಊರಿಗೆ ಇಳಿಯಲಿಲ್ಲ. 360 ಎಲೆ ಬರೆಸಲು ಯಾರ ಹತ್ತಿರ ದುಡ್ಡಿತ್ತು, ಕಲಿಯಲು ಯಾರಿಗೆ ಪುರುಸೊತ್ತಿತ್ತು? ಐವತ್ತೆರಡು ಎಲೆಯ ಅಚ್ಚಿನ ಕಟ್ಟು ಬಂದು ಹಳೆಯ ಗಂಜೀಫವನ್ನೂ ಮೂಲೆಗೆ ತಳ್ಳಿತು. ಆದರೆ ಎಲೆ ಬರೆಯುವ ಕೈಕಸುಬು ಪೂರ್ತಿ ಸಾಯಲಿಲ್ಲ. ಮೈಸೂರು ಗಂಜೀಫಕ್ಕೆ ಇಂದು ಭೌಗೋಳಿಕ ಗುರುತಿನ ಮಾನ್ಯತೆ ಇದೆ. ದೊರೆ 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಮೇಲಂತಸ್ತಿನಲ್ಲಿ, ರಂಗಮಹಲಿನ ಗೋಡೆಗಳ ಮೇಲೆ ಆಟಗಳ ಚಿತ್ರ ಬರೆಸಿದ್ದಾರೆ. ಮೈಸೂರಿಗೆ ಹೋಗುವ ನಮ್ಮವರು ಕೆಳಗಿನ ರವಿವರ್ಮನ ಚಿತ್ರ ನೋಡಿ ಕಾಲು ನೋವೆಂದು ಹೊರಟುಬಿಡುತ್ತಾರೆ. ತೆರೆದಿದ್ದರೆ ಮೇಲಕ್ಕೂ ಹತ್ತಿ.

ನಮ್ಮ ಸಂಜೆಯ ದಿನ ಇನ್ನೂ ಗೊತ್ತಾಗಿಲ್ಲ, ಗೊತ್ತಾದ ಕೂಡಲೇ ಕಾರ್ಯಕ್ರಮಗಳ ಪುಟದಲ್ಲಿ ಹಾಕುತ್ತೇವೆ. ಮನೆಯ ಅಟ್ಟದಲ್ಲಿ ಅಳಗುಳಿ ಮಣೆ, ಪಗಡೆ ಹಾಸು, ಚೌಕಾಬಾರದ ಕವಡೆ ಇರುವವರು ಇಳಿಸಿ ಒರೆಸಿ ಇಟ್ಟುಕೊಳ್ಳಿ. ಒಂದು ಸುತ್ತು ನಿಮ್ಮೂರ ಕಟ್ಟಳೆಯಲ್ಲಿ, ಇನ್ನೊಂದು ಸುತ್ತು ಎದುರಿಗೆ ಕೂತವರ ಊರಿನ ಕಟ್ಟಳೆಯಲ್ಲಿ ಆಡಿಸುವುದೆಂದು ಸದ್ಯಕ್ಕೆ ಮಾತಾಗಿದೆ. ಪಸು ಎತ್ತುವ ವಿಷಯದಲ್ಲಿ ಜಗಳ ಬಂದರೆ ಕಂಬಂನ ಹಿರಿಯರೇ ಪಂಚಾಯಿತಿ ಮಾಡಬೇಕು.